ಮೂರು ಸಲ ಬೇಡ ಅಂದ ಸಾಂತಪ್ಪಯ್ಯ

ಯಾವ ಕಾಲ ಅಂತ ಕೇಳಬೇಡಿ. ಯಾವ ಸೀಮೆ ಅಂತಲೂ ಕೇಳಬೇಡಿ. ಕೇಳಿದರೆ ಕಥೆ ನಿಲ್ಲುತ್ತದೆ, ಕಥೆ ನಿಂತರೆ ನನಗೆ ಸಿಟ್ಟು ಬರುತ್ತದೆ. ಒಂದು ಬೆಟ್ಟ ಇತ್ತು. ಬೆಟ್ಟದ ಮೇಲೊಂದು ರಾಜ್ಯ, ಬೆಟ್ಟದ ಕೆಳಗೊಂದು ರಾಜ್ಯ. ಮೇಲಿನದು ಬಿದಿರುಗುಡ್ಡ, ಕೆಳಗಿನದು ಹೊನ್ನಬಯಲು. ಎರಡರ ನಡುವೆ ಒಂದೇ ಒಂದು ಕಣಿವೆ ದಾರಿ, ಆ ದಾರಿಗೆ ಒಂದೇ ಒಂದು ದೊಡ್ಡ ಬಾಗಿಲು. ಕೆಳಗಿನ ಉಪ್ಪು ಮೇಲೆ ಹೋಗುವುದು, ಮೇಲಿನ ಜೇನು ಕೆಳಗೆ ಬರುವುದು, ಹೆಣ್ಣು ಕೊಡುವುದು, ಹೆಣ್ಣು ತರುವುದು, ಎಲ್ಲ ಆ ಬಾಗಿಲಿನಿಂದಲೇ.

ಎರಡು ಕಡೆಯವರೂ ಒಳ್ಳೆಯ ಜನ. ಆಡುವ ಭಾಷೆಯೂ ಒಂದೇ. ಆದರೆ ಆಡುವ ರೀತಿ ಮಾತ್ರ ಒಬ್ಬರದು ಉತ್ತರ, ಇನ್ನೊಬ್ಬರದು ದಕ್ಷಿಣ.

ಬಯಲಿನವರು ಮೂವರು ಕೂತರೆ ಮೂವರೂ ಒಟ್ಟಿಗೆ ಮಾತಾಡುವರು. ಒಬ್ಬ ಅರ್ಧ ಮಾತು ಆಡಿದರೆ ಉಳಿದರ್ಧ ಇನ್ನೊಬ್ಬ ಮುಗಿಸುವನು. ಅವರಲ್ಲಿ ಅದೇ ಪ್ರೀತಿ. ಸುಮ್ಮನೆ ಕೂತವನನ್ನು ಕಂಡರೆ, “ಯಾಕಪ್ಪಾ, ನಮ್ಮ ಮೇಲೆ ಮುನಿಸಾ?” ಎಂದು ಮೈಮೇಲೆ ಬೀಳುವರು. ಗುಡ್ಡದವರು ಹಾಗಲ್ಲ. ಪ್ರಶ್ನೆ ಕೇಳಿದರೆ ಮೊದಲು ಕಣ್ಣು ಮುಚ್ಚುವರು. ಸಣ್ಣ ಪ್ರಶ್ನೆಗೆ ಹತ್ತು ಉಸಿರು, ದೊಡ್ಡ ಪ್ರಶ್ನೆಗೆ ನೂರು ಉಸಿರು. ಆಮೇಲೆ ಬಾಯಿ ಬಿಡುವರು. ಥಟ್ಟನೆ ಉತ್ತರ ಕೊಟ್ಟರೆ ಕೇಳಿದವರಿಗೆ ಅವಮಾನ ಮಾಡಿದ ಹಾಗೆ ಎಂದು ಅವರ ಲೆಕ್ಕ.

ಸಂತೆಗೆ ಹೋಗಿ ಬರುವವರಿಗೆ ಇದೆಲ್ಲ ರೂಢಿಯಾಗಿತ್ತು. ಆದರೆ ಅರಮನೆಯವರು ಸಂತೆಗೆ ಹೋಗುತ್ತಾರೆಯೇ? ಎರಡು ಅರಮನೆಗಳಿಗೂ ಹೋಗಿ ಬರುತ್ತಿದ್ದವರು ಇಬ್ಬರೇ ಇಬ್ಬರು. ಒಬ್ಬಳು ಹೊನ್ನಬಯಲಿನ ದುಗ್ಗವ್ವ. ಬೀಸುವ ಕಲ್ಲು ಸವೆದು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಕುಟ್ಟಿ, ಮತ್ತೆ ತರಿ ಮಾಡಿ ಕೊಡುವುದು ಅವಳ ಕಸುಬು. ಅವಳ ಒಬ್ಬಳೇ ಮಗಳು ನೀಲಿಯನ್ನು ಬಿದಿರುಗುಡ್ಡಕ್ಕೆ ಕೊಟ್ಟಿತ್ತು. ನೀಲಿಗೆ ಈಗ ಏಳು ತಿಂಗಳು ತುಂಬಿತ್ತು, ಚೊಚ್ಚಲು. ಬಾಣಂತನಕ್ಕೆ ಮಗಳನ್ನು ಕರೆತರಬೇಕೆಂದು ದುಗ್ಗವ್ವ ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಿಸಿ ಇಟ್ಟಿದ್ದಳು.

ಇನ್ನೊಬ್ಬ ಸಾಂತಪ್ಪಯ್ಯ. ಎರಡು ರಾಜ್ಯಗಳ ನಡುವೆ ಸಂಧಾನ ಮಾಡುವುದು ಇವನ ಕೆಲಸ. ಬಯಲಿಗೆ ಬಂದರೆ ಬಯಲಿನವನು, ಗುಡ್ಡ ಹತ್ತಿದರೆ ಗುಡ್ಡದವನು. ಅಂಥ ನಯ, ಅಂಥ ನಾಜೂಕು! ಆದರೆ ಹೊಟ್ಟೆಯೊಳಗೆ ಬೇರೆಯೇ ಒಂದು ಹಂಚಿಕೆ ಇತ್ತು. ಬೆಟ್ಟದ ಇನ್ನೊಂದು ಬದಿಯಲ್ಲಿ ಅವನದೊಂದು ಹೊಲ, ಹೊಲದ ಹಿಂದೆ ಆಡುಗಳು ಹತ್ತುವಂಥ ಒಂದು ಕಳ್ಳದಾರಿ. ‘ಕಣಿವೆ ಬಾಗಿಲು ಒಮ್ಮೆ ಮುಚ್ಚಿಬಿಟ್ಟರೆ ಸಾಕು. ಎರಡು ರಾಜ್ಯದವರೂ ನನ್ನ ಅಂಗಳದಲ್ಲಿ ಕೈಕಟ್ಟಿ ನಿಂತು, ದಾರಿ ಬಿಡಿ ಸಾಂತಪ್ಪಯ್ಯನವರೇ ಅನ್ನಬೇಕು’ ಎಂದು ಅವನು ಹಗಲೆಲ್ಲ ಲೆಕ್ಕ ಹಾಕುತ್ತಿದ್ದ. ಎಂಥ ಆಸೆ ನೋಡಿ! ಇನ್ನೊಬ್ಬರು ಕೈಕಟ್ಟಿ ನಿಲ್ಲುವುದನ್ನು ನೋಡುವುದರಲ್ಲಿ ಅದೇನು ಸುಖವೋ ನನಗಂತೂ ಗೊತ್ತಿಲ್ಲ.

ಆ ವರ್ಷ ಹೊನ್ನಬಯಲಿನ ಮುದಿ ದೊರೆ ತೀರಿಕೊಂಡ. ಅವನು ಗುಡ್ಡದವರ ಹತ್ತಿರ ಗುಡ್ಡದವರ ಹಾಗೇ ಇರುತ್ತಿದ್ದ. ಅದರಿಂದ ಬಿದಿರುಗುಡ್ಡದ ದೊರೆ ಬೊಮ್ಮರಸ, ಬಯಲಿನವರೆಲ್ಲ ನಮ್ಮ ಹಾಗೇ ಎಂದುಕೊಂಡಿದ್ದ. ಈಗ ಪಟ್ಟಕ್ಕೆ ಬಂದವನು ಮಗ ಕೆಂಚನಾಯಕ. ಹುಡುಗ ಚುರುಕು, ಮನಸ್ಸು ಬೆಣ್ಣೆ, ಆದರೆ ಗುಡ್ಡ ಕಂಡವನಲ್ಲ. ಹೊಸ ದೊರೆ ಬಂದಾಗ ಎರಡು ಕಡೆಯ ದೊರೆಗಳೂ ಮೂರು ಸಲ ಭೇಟಿಯಾಗಿ, ಬಾಗಿಲು ತೆರೆದಿಡುವ ಮಾತನ್ನು ಹೊಸದಾಗಿ ಕೊಡಬೇಕು. ಇದು ಹಿಂದಿನಿಂದ ಬಂದ ಪದ್ಧತಿ.

ಮೊದಲನೇ ಭೇಟಿ ಕಣಿವೆ ಬಾಗಿಲಲ್ಲಿ. ಕೆಂಚನಾಯಕ ಕೂತವನೇ ಕೇಳಿದ: “ದೊರೆಗಳೇ, ನಮ್ಮ ಅಪ್ಪಾಜಿ ಕಾಲದ ಹಾಗೇ ಬಾಗಿಲು ತೆರೆದಿಡೋಣ. ಏನಂತೀರಿ?”

ಬೊಮ್ಮರಸನಿಗೆ ಸಂತೋಷವಾಯಿತು. ಎಂಥ ದೊಡ್ಡ ಪ್ರಶ್ನೆ! ಇದಕ್ಕೆ ನೂರು ಉಸಿರಾದರೂ ಬೇಕು ಎಂದು ಕಣ್ಣು ಮುಚ್ಚಿದ. ಹತ್ತು ಉಸಿರಾಯಿತು, ಇಪ್ಪತ್ತಾಯಿತು. ಕೆಂಚನಾಯಕನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಯಾಕೆ ದೊರೆಗಳೇ, ನಾವು ಕಳಿಸೋ ಉಪ್ಪು ಸಾಲ್ತಾ ಇಲ್ವಾ?”

ಇದು ಹೊಸ ಪ್ರಶ್ನೆ. ಬೊಮ್ಮರಸ ಒಂದರಿಂದ ಎಣಿಸತೊಡಗಿದ.

“ಬಾಗಿಲಿಗೆ ಇನ್ನಷ್ಟು ಕಾವಲು ಬೇಕಾ?”

ಪಾಪ, ಬೊಮ್ಮರಸ ಮತ್ತೆ ಒಂದರಿಂದ ಶುರು ಮಾಡಿದ. ಕೆಂಚನಾಯಕ ಕೇಳುತ್ತಲೇ ಹೋದ, ಬೊಮ್ಮರಸ ಎಣಿಸುತ್ತಲೇ ಹೋದ. ಸಂಜೆಯಾಯಿತು, ಒಂದು ಮಾತೂ ಹುಟ್ಟಲಿಲ್ಲ.

ಸಾಂತಪ್ಪಯ್ಯ ಕೆಂಚನಾಯಕನ ಕಿವಿಗೆ ಬಾಯಿಟ್ಟ. “ಬುದ್ಧಿ, ನೋಡಿದ್ರಾ? ನಿಮ್ಮ ಮುಖ ನೋಡೋಕೂ ಮನಸ್ಸಿಲ್ದೆ ಕಣ್ಣು ಮುಚ್ಚಿ ಕೂತ್ರು.” ಆಮೇಲೆ ಬೊಮ್ಮರಸನ ಕಿವಿಗೆ ಬಾಯಿಟ್ಟ. “ದೊರೆಗಳೇ, ಕೇಳಿದ್ರಾ? ತಮ್ಮ ಉತ್ತರಕ್ಕೆ ಒಂದು ಗಳಿಗೆ ಕಾಯಲಿಲ್ಲ. ತಮ್ಮ ಮಾತು ಅವರಿಗೆ ಕಸ.”

ಎರಡನೇ ಭೇಟಿ ಹೊನ್ನಬಯಲಿನ ಅರಮನೆಯಲ್ಲಿ. ಹೋಳಿಗೆ ಮಾಡಿಸಿದ್ದರು. ತುಪ್ಪದ ಘಮ ಊರ ಬಾಗಿಲವರೆಗೆ ಬಡಿಯುತ್ತಿತ್ತು. ಬೆಟ್ಟ ಇಳಿದು ಬಂದ ಬೊಮ್ಮರಸನ ಹೊಟ್ಟೆ ತಾಳ ಹಾಕುತ್ತಿತ್ತು.

“ದೊರೆಗಳೇ, ಊಟಕ್ಕೆ ಏಳಿ” ಅಂದ ಕೆಂಚನಾಯಕ.

“ಬೇಡ, ಹಸಿವಿಲ್ಲ” ಅಂದ ಬೊಮ್ಮರಸ.

ಗುಡ್ಡದಲ್ಲಿ ಮೂರು ಸಲ ಬೇಡ ಅನ್ನಬೇಕು, ನಾಲ್ಕನೇ ಸಲ ಕರೆದಾಗ ಏಳಬೇಕು. ಮೊದಲನೇ ಸಲಕ್ಕೇ ಎದ್ದವನನ್ನು ಹೊಟ್ಟೆಬಾಕ ಅನ್ನುವರು. ಆದರೆ ಬಯಲಿನಲ್ಲಿ ಒಂದೇ ಸಲ ಕರೆಯುವುದು. ಬೇಡ ಅಂದವನನ್ನು ಮತ್ತೆ ಕರೆದರೆ, ‘ನಿನ್ನ ಹೊಟ್ಟೆ ನಿನಗೇ ಗೊತ್ತಿಲ್ಲ’ ಎಂದು ಹೀಯಾಳಿಸಿದ ಹಾಗೆ. ಕೆಂಚನಾಯಕ ಮರ್ಯಾದಸ್ಥ. “ಹಾಗಾದ್ರೆ ಒತ್ತಾಯ ಇಲ್ಲ” ಅಂದು ತಾನು ಎಲೆ ಮುಂದೆ ಕೂತ. ಬೊಮ್ಮರಸ ಎದುರಿಗೆ ಕೂತು, ಒಂದಾದ ಮೇಲೆ ಒಂದರಂತೆ ಏಳು ಹೋಳಿಗೆ ಇನ್ನೊಬ್ಬನ ಬಾಯಿಗೆ ಹೋಗುವುದನ್ನು ಎಣಿಸಿದ. ಹಸಿದುಕೊಂಡೇ ಬೆಟ್ಟ ಹತ್ತಿದ.

ಸಾಂತಪ್ಪಯ್ಯ ಮೇಲೆ ಹೋಗಿ, “ತಮ್ಮನ್ನು ಉಪವಾಸ ಕೆಡವಿದರಲ್ಲ!” ಅಂದ. ಕೆಳಗೆ ಬಂದು, “ನಿಮ್ಮ ಮನೆ ಅನ್ನ ಮುಟ್ಟಲಿಲ್ವಲ್ಲ ಬುದ್ಧಿ!” ಅಂದ.

ಮೂರನೇ ಭೇಟಿ ಬಿದಿರುಗುಡ್ಡದ ಅರಮನೆಯಲ್ಲಿ. ಬಯಲಿನವರು ಯಾರ ಮನೆಗೆ ಹೋದರೂ ಬಾಯ್ತುಂಬ ಹೊಗಳುವರು. ಹೊಗಳದಿದ್ದರೆ ಮನೆಯವರಿಗೆ ಬೇಜಾರು. ಗುಡ್ಡದಲ್ಲಿ ಹೊಗಳುವುದೆಂದರೆ ಕೊಡಿ ಎಂದು ಕೇಳುವುದು. ಕೇಳಿದ ಮೇಲೆ ಕೊಡಲೇಬೇಕು. ಇದು ಕೆಂಚನಾಯಕನಿಗೆ ಎಲ್ಲಿ ಗೊತ್ತು?

“ಆಹಾ, ಎಂಥಾ ಕಂಬಳಿ!” ಅಂದ. ಬೊಮ್ಮರಸ ಹೆಗಲ ಮೇಲಿನ ಕಂಬಳಿ ತೆಗೆದು ಕೊಟ್ಟ.

“ಓಹೋ, ಏನು ಚೆಂದದ ನಾಯಿ!” ಅಂದ. ಬೊಮ್ಮರಸ ಹಲ್ಲು ಕಚ್ಚಿಕೊಂಡು ಬೇಟೆನಾಯಿಯ ಹಗ್ಗ ಕೊಟ್ಟ.

ಅಷ್ಟರಲ್ಲಿ ಬೊಮ್ಮರಸನ ತಾಯಿ ಅರಸಮ್ಮ ಕೈಯಾರೆ ಪಾನಕ ತಂದರು. ಕೆಂಚನಾಯಕ ಎದ್ದು ನಿಂತು ಕೈಮುಗಿದ. “ದೊರೆಗಳೇ, ಎಂಥಾ ತಾಯಿ ನಿಮಗೆ! ಇಂಥಾ ತಾಯಿ ಎಲ್ಲರಿಗೂ ಸಿಗಲ್ಲ!”

ಗುಡ್ಡದವರಿಗೆಲ್ಲ ಒಂದೇ ಅರ್ಥವಾಯಿತು. ಕಂಬಳಿ ಕೇಳಿದ, ಕೊಟ್ಟಾಯಿತು. ನಾಯಿ ಕೇಳಿದ, ಕೊಟ್ಟಾಯಿತು. ಈಗ ಹೆತ್ತ ತಾಯಿಯನ್ನೇ ಕೇಳುತ್ತಿದ್ದಾನೆ! ಬೊಮ್ಮರಸ ಕತ್ತಿ ಹಿರಿದ. ಕೆಂಚನಾಯಕ ಹೆದರಿ ಹೊರಗೆ ಓಡಿದ. ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಾ ಅವನ ಹಿಂದೆ ಹೋಯಿತು.

ಮುಗಿಯಿತು. “ಬರುವ ಸೋಮವಾರ ಮಧ್ಯಾಹ್ನ ಕಣಿವೆ ಬಾಗಿಲು ಮುಚ್ಚಿ, ಎರಡು ಕಡೆಯಿಂದಲೂ ಅಗುಳಿ ಹಾಕುವುದು” ಎಂದು ಮೇಲೂ ಕೆಳಗೂ ಡಂಗುರ ಸಾರಿದರು.

ಡಂಗುರ ದುಗ್ಗವ್ವನ ಕಿವಿಗೂ ಬಿತ್ತು. ಮಗಳು ಆ ಕಡೆ, ತಾನು ಈ ಕಡೆ. ಸಾಂತಪ್ಪಯ್ಯನ ಕಳ್ಳದಾರಿಯಲ್ಲಿ ತುಂಬು ಬಸುರಿಯನ್ನು ಇಳಿಸಲಾಗುತ್ತದೆಯೇ? ಕೈಯಲ್ಲಿ ಹಿಡಿದ ಕೆಲಸ ಅಲ್ಲೇ ಬಿಟ್ಟು ಅರಮನೆಗೆ ಓಡಿದಳು.

“ಬುದ್ಧಿ, ಗುಡ್ಡದೋರು ಕಣ್ಣು ಮುಚ್ಚಿದ್ದು ತಿರಸ್ಕಾರ ಅಲ್ಲ. ನಿಮಗೆ ಕೊಟ್ಟ ಮರ್ಯಾದೆ. ಅವರು ಬೇಡ ಅಂದಿದ್ದು...”

“ಬೇಡ ಅಂದ್ರೆ ಬೇಡ ತಾನೇ ದುಗ್ಗವ್ವಾ?” ದೊರೆ ನಡುವೆಯೇ ಬಾಯಿ ಹಾಕಿದ. ಬಯಲಿನವನಲ್ಲವೇ?

“ಇಲ್ಲ ಬುದ್ಧಿ. ಅವರು ಮೂರು ಸಲ ಬೇಡ ಅಂತಾರೆ, ನಾಲ್ಕನೇ ಸಲ ಉಣ್ತಾರೆ. ಹೊಗಳಿದ್ರೆ ಕೇಳ್ದಂಗೆ ಅಂತ ತಿಳೀತಾರೆ. ನಾನು ಕಣ್ಣಾರೆ ಕಂಡೀನಿ.”

ಕೆಂಚನಾಯಕ ಸಾಂತಪ್ಪಯ್ಯನನ್ನು ಕರೆಸಿ ಕೇಳಿದ. ಸಾಂತಪ್ಪಯ್ಯ ನಕ್ಕುಬಿಟ್ಟ. “ಬುದ್ಧಿ, ಮೂವತ್ತು ವರ್ಷ ಅಲ್ಲಿ ಓಡಾಡಿದ್ದೀನಿ. ಮೂರು ಸಲವೂ ಇಲ್ಲ, ಆರು ಸಲವೂ ಇಲ್ಲ. ಅಂಥಾ ಪದ್ಧತಿ ನಾನು ಕೇಳೇ ಇಲ್ಲ. ಕಲ್ಲು ಕುಟ್ಟೋಳ ಮಾತು ಕಟ್ಕೊಂಡು ರಾಜ್ಯ ಆಳೋಕಾಗುತ್ತಾ?”

ದೊರೆಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. ಸುತ್ತ ಕೂತವರೆಲ್ಲ ಒಟ್ಟಿಗೆ ಮಾತಾಡಿದರು. ಆ ಗದ್ದಲದಲ್ಲಿ ದುಗ್ಗವ್ವನ ಮಾತು ಮುಳುಗಿಹೋಯಿತು. ಅವಳು ಅರಮನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಮಗಳು ಹೆರುವಾಗ ಕೈ ಹಿಡಿಯಲು ತಾಯಿ ಇಲ್ಲದಿದ್ದರೆ ಹೇಗೆ ಎಂದು ನೆನೆದು ನೆನೆದು ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಸಾಂತಪ್ಪಯ್ಯನ ಬಾಯಿ ಸುಳ್ಳು ಹೇಳಿತು, ಸರಿ. ಅವನ ಹೊಟ್ಟೆಯನ್ನೇ ಒಂದು ಮಾತು ಕೇಳೋಣ’ ಅಂದುಕೊಂಡಳು.

ಮತ್ತೆ ಒಳಗೆ ಹೋದಳು. “ಬುದ್ಧಿ, ಬಾಗಿಲು ಮುಚ್ಚೋದಾದ್ರೆ ಮುಚ್ಚಿ. ಆದ್ರೆ ಇಷ್ಟು ವರ್ಷ ಮೇಲಕ್ಕೂ ಕೆಳಕ್ಕೂ ಓಡಾಡಿದ ಸಾಂತಪ್ಪಯ್ನೋರಿಗೆ ಎರಡು ಕಡೆಯಿಂದ ಒಂದು ಸತ್ಕಾರ ಆಗ್ಲಿ. ಕೊಡೋರು ನಾವೇ, ನೋಡೋರು ನೀವಿಬ್ಬರು ದೊರೆಗಳು.” ದೊರೆ ಒಪ್ಪಿದ. ಸಾಂತಪ್ಪಯ್ಯ ಹಿಗ್ಗಿಹೋದ. ದುಗ್ಗವ್ವ ಅವತ್ತೇ ಗುಡ್ಡ ಹತ್ತಿ ಅರಸಮ್ಮನ ಬೀಸುವ ಕಲ್ಲಿನ ಮುಂದೆ ಕೂತಳು. ಕಲ್ಲು ಕುಟ್ಟುತ್ತಾ ಕುಟ್ಟುತ್ತಾ ಆ ತಾಯಿಗೆ ಏನೋ ಹೇಳಿದಳು. ಅರಸಮ್ಮ ಕಣ್ಣು ಮುಚ್ಚಿ ನೂರು ಉಸಿರು ಕಳೆದು, “ಹೋಳಿಗೆ ನಾನೇ ತರ್ತೀನಿ” ಅಂದರು.

ಸೋಮವಾರ ಬಂತು. ಬಾಗಿಲ ಆಚೆ ಗುಡ್ಡದವರು, ಈಚೆ ಬಯಲಿನವರು, ನಡುವೆ ಚಾಪೆಯ ಮೇಲೆ ಸಾಂತಪ್ಪಯ್ಯ. ಸತ್ಕಾರದ ಊಟ ಇದೆಯೆಂದು ಅವನು ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದ. ಬಿಸಿಲು ನೆತ್ತಿಗೇರಿತ್ತು.

ಮೊದಲು ದುಗ್ಗವ್ವ ಬಯಲಿನ ಕಡೆಯಿಂದ ಮಜ್ಜಿಗೆ ತಂದಳು. “ಅಯ್ನೋರೇ, ಮಜ್ಜಿಗೆ ತಗೋತೀರಾ?”

“ಕೊಡು, ಕೊಡು” ಅಂದವನೇ ಸಾಂತಪ್ಪಯ್ಯ ಒಂದೇ ಗುಟುಕಿಗೆ ಚೆಂಬು ಖಾಲಿ ಮಾಡಿದ.

ದುಗ್ಗವ್ವ ಕೆಂಚನಾಯಕನ ಪಕ್ಕಕ್ಕೆ ಬಂದು ನಿಂತಳು. “ಬುದ್ಧಿ, ಈಗ ಬೆರಳು ಮಡಚ್ತಾ ಹೋಗಿ” ಅಂದಳು.

ಗುಡ್ಡದ ಕಡೆಯಿಂದ ಅರಸಮ್ಮ ಬಂದರು. ತಟ್ಟೆಯಲ್ಲಿ ಬಿಸಿ ಹೋಳಿಗೆ, ಮೇಲೆ ತುಪ್ಪ, ತುಪ್ಪದ ಮೇಲೆ ಜೇನು. “ಸಾಂತಪ್ಪಯ್ಯನವರೇ, ಹೋಳಿಗೆ ತಗೊಳ್ಳಿ.”

“ಬೇಡ ತಾಯಿ, ಹಸಿವಿಲ್ಲ” ಅಂದ ಸಾಂತಪ್ಪಯ್ಯ. ಕಣ್ಣು ಮಾತ್ರ ತಟ್ಟೆಯಲ್ಲೇ ಇತ್ತು. ಕೆಂಚನಾಯಕ ಒಂದು ಬೆರಳು ಮಡಚಿದ.

“ಒಂದಾದರೂ ತಗೊಳ್ಳಿ.”

“ಬೇಡ ತಾಯಿ, ಈಗ ತಾನೇ ಆಯ್ತು.” ಎರಡನೇ ಬೆರಳು.

“ಅರ್ಧವಾದರೂ?”

“ಅಯ್ಯೋ, ಬೇಡವೇ ಬೇಡ ತಾಯಿ.” ಮೂರನೇ ಬೆರಳು. ಸಾಂತಪ್ಪಯ್ಯ ಅಂಗವಸ್ತ್ರ ಸರಿಮಾಡಿಕೊಂಡು, ಚಕ್ಕಳಮಕ್ಕಳ ಹಾಕಿಕೊಂಡು, ಬಲಗೈ ಮುಂದೆ ಚಾಚಲು ತಯಾರಾದ.

“ಸರಿ ಹಾಗಾದರೆ” ಅಂದರು ಅರಸಮ್ಮ. ತಟ್ಟೆ ಎತ್ತಿಕೊಂಡು ಹಿಂದಕ್ಕೆ ಹೊರಟೇಬಿಟ್ಟರು.

ಸಾಂತಪ್ಪಯ್ಯ ಚಾಪೆಯಿಂದ ಹಾರಿ ಎದ್ದ. “ತಾಯಿ, ತಾಯಿ! ಎಲ್ಲಿಗೆ ಹೋಗ್ತೀರಿ? ನಾಲ್ಕನೇ ಸಲ ಇನ್ನೂ ಕೇಳೇ ಇಲ್ವಲ್ಲ!”

ಆಡಿದ ಮೇಲೆ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡು ಏನು ಬಂತು? ಇಡೀ ಕಣಿವೆಗೆ ಕೇಳಿಸಿತ್ತು.

ದುಗ್ಗವ್ವ ಮುಂದೆ ಬಂದಳು. “ಅಯ್ನೋರೇ, ಅಂಥಾ ಪದ್ಧತಿ ಕೇಳೇ ಇಲ್ಲ ಅಂದಿದ್ರಿ. ನಮ್ಮ ಮಜ್ಜಿಗೆ ಒಂದೇ ಮಾತಿಗೆ ಕುಡಿದ್ರಿ, ಅವರ ಹೋಳಿಗೆಗೆ ಮೂರು ಸಲ ಬೇಡ ಅಂದ್ರಿ. ಎರಡು ಕಡೆ ರೀತಿಯೂ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದೊರೆಗಳಿಗೆ ಯಾಕೆ ಸುಳ್ಳು ಹೇಳಿದ್ರಿ?”

ಈಗ ನೋಡಿ ಸಾಂತಪ್ಪಯ್ಯನ ಪಾಡು! ಥಟ್ಟನೆ ಉತ್ತರ ಕೊಟ್ಟರೆ ಗುಡ್ಡದವರು ನಂಬುವುದಿಲ್ಲ. ಸುಮ್ಮನೆ ನಿಂತರೆ ಬಯಲಿನವರು ಬಿಡುವುದಿಲ್ಲ. ಆಚೆ ಕಡೆ ನೋಡಿ ಕಣ್ಣು ಮುಚ್ಚಿದ, ಈಚೆ ಕಡೆಯವರು “ಹೇಳಯ್ಯಾ!” ಎಂದು ಕೂಗಿದರು. ಈಚೆ ತಿರುಗಿ ಗಡಿಬಿಡಿಯಲ್ಲಿ ಏನೋ ಅಂದ, ಆಚೆಯವರು ಮುಖ ಸಿಂಡರಿಸಿದರು. ಮೊದಲು ನಕ್ಕವರು ಅರಸಮ್ಮ. ಆಮೇಲೆ ಎರಡು ಕಡೆಯವರೂ ಬಿದ್ದು ಬಿದ್ದು ನಕ್ಕರು.

ಕೆಂಚನಾಯಕ ಎದ್ದು ಹೋಗಿ ಬೊಮ್ಮರಸನ ಮುಂದೆ ತಲೆಬಾಗಿದ. “ದೊರೆಗಳೇ, ನಿಮ್ಮನ್ನು ಹಸಿದ ಹೊಟ್ಟೇಲಿ ಕಳಿಸಿದ್ದೆ. ನನಗೆ ನಾಚಿಕೆ ಆಗ್ತಿದೆ. ನಿಮ್ಮ ಅಮ್ಮನ್ನ ಹೊಗಳಿದೆ ಅಷ್ಟೆ, ಕೇಳಲಿಲ್ಲ.”

ಬೊಮ್ಮರಸ ಬಾಯಿ ತೆರೆಯುವ ಮೊದಲೇ ಅರಸಮ್ಮ ಮಗನ ಕಡೆ ತಿರುಗಿದರು. “ಅಲ್ಲಯ್ಯಾ, ಕತ್ತಿ ಹಿರಿಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಎರಡು ದಿನ ಕೆಳಗೆ ಹೋಗಿ ಹೋಳಿಗೆ ತಿಂದು ಬರ್ತಿದ್ದೆ!”

ಆಮೇಲೆ ಕೆಂಚನಾಯಕ ದೊಡ್ಡ ಪ್ರಶ್ನೆ ಮತ್ತೆ ಕೇಳಿದ. “ಬಾಗಿಲು ತೆರೆದಿಡೋಣವೇ?” ಬೊಮ್ಮರಸ ಕಣ್ಣು ಮುಚ್ಚಿದ. ಬಯಲಿನ ಜನ ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನಿದ್ದವರಲ್ಲ. ಸೆರಗು ಕಚ್ಚಿದ ಹೆಂಡತಿಯನ್ನು ನೋಡಿ ಒಬ್ಬ ತಾನೂ ಪೇಟದ ತುದಿ ಕಚ್ಚಿದ. ಮಂತ್ರಿ ಬಾಯಿ ತೆರೆಯಹೋದ, ಕೆಂಚನಾಯಕ ಅದಕ್ಕೆ ಅಡ್ಡ ಕೈಯಿಟ್ಟ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

“ತೆರೆದಿಡೋಣ” ಅಂದ ಬೊಮ್ಮರಸ.

ಬಯಲಿನವರು ಒಟ್ಟಿಗೆ ಕೂಗಿಕೊಂಡರು. ಗುಡ್ಡದವರೂ ಅವತ್ತು ಒಂದು ಕೈ ನೋಡೋಣವೆಂದು ಎಲ್ಲರೂ ಒಟ್ಟಿಗೆ ಮಾತಾಡಿ ನೋಡಿದರು. ಅವರಿಗೆ ಅದು ತುಂಬಾ ಹಿಡಿಸಿತಂತೆ. ಊಟಕ್ಕೆ ಕರೆಯುವಾಗ ಕೆಂಚನಾಯಕ ಎಲ್ಲಿ ತಪ್ಪುತ್ತದೋ ಎಂದು ಬೊಮ್ಮರಸನನ್ನು ಒಂಬತ್ತು ಸಲ ಕರೆದ. ಬೊಮ್ಮರಸ ಮೊದಲನೇ ಸಲಕ್ಕೇ ಎಲೆ ಮುಂದೆ ಕೂತಾಗಿತ್ತು.

ಸಾಂತಪ್ಪಯ್ಯನಿಗೆ ಶಿಕ್ಷೆ ಏನು? ಒಂದು ವರ್ಷ ಅವನು ಕಣಿವೆ ಬಾಗಿಲಲ್ಲಿ ನಿಲ್ಲಬೇಕು. ಮೇಲೆ ಹೋಗುವವರಿಗೆ ಮೇಲಿನ ರೀತಿ, ಕೆಳಗೆ ಹೋಗುವವರಿಗೆ ಕೆಳಗಿನ ರೀತಿ, ಒಂದನ್ನೂ ಮುಚ್ಚಿಡದೆ ಪೂರ್ತಿ ಹೇಳಿ ಕಳಿಸಬೇಕು. ಬಯಲಿನವರು ಅವನ ಮಾತು ಅರ್ಧಕ್ಕೇ ತಾವು ಮುಗಿಸುವರು, ಅವನು ಮತ್ತೆ ಮೊದಲಿನಿಂದ ಹೇಳಬೇಕು. ಬರುವವರ, ಹೋಗುವವರ ಮುಂದೆಲ್ಲ ಕೈಕಟ್ಟಿ ನಿಂತು ನಿಂತು ಅವನ ಕಾಲು ಬಿದ್ದುಹೋಯಿತು.

ದುಗ್ಗವ್ವ ಮಾತ್ರ ಹಬ್ಬದೂಟಕ್ಕೆ ನಿಲ್ಲಲಿಲ್ಲ. ನೇರ ಮಗಳ ಮನೆಗೆ ಹತ್ತಿದಳು. ನೀಲಿಯ ಅತ್ತೆ ಜಗಲಿಯಲ್ಲಿ ಕೂತಿದ್ದಳು.

“ಬೀಗಿತ್ತಿ, ನೀಲೀನ ಬಾಣಂತನಕ್ಕೆ ಕರ್ಕೊಂಡು ಹೋಗ್ಲಾ?”

ಬೀಗಿತ್ತಿ ಕಣ್ಣು ಮುಚ್ಚಿದಳು. ದುಗ್ಗವ್ವನೂ ಬಯಲಿನವಳೇ, ನಾಲಿಗೆ ತುರಿಸುತ್ತಿತ್ತು. ಡೋಲಿ ತಂದೀನಿ ಅನ್ನಲೇ? ಚೆನ್ನಾಗಿ ನೋಡ್ಕೋತೀನಿ ಅನ್ನಲೇ? ಎಲ್ಲ ನುಂಗಿಕೊಂಡಳು. ನೂರು ಉಸಿರಾಯಿತು, ಬೀಗಿತ್ತಿ ಕಣ್ಣು ತೆರೆಯಲಿಲ್ಲ. ನೂರೈವತ್ತಾಯಿತು, ಇನ್ನೂ ಇಲ್ಲ. ಆದರೂ ದುಗ್ಗವ್ವ ಕಾದಳು. ಇನ್ನೂರಕ್ಕೆ ಬೀಗಿತ್ತಿ ಕಣ್ಣು ತೆರೆದಳು. ಕಣ್ಣಲ್ಲಿ ನೀರಿತ್ತು.

“ಕರ್ಕೊಂಡು ಹೋಗಿ ಬೀಗಿತ್ತಿ. ಅವಳು ನನಗೂ ಮಗಳೇ. ಅದಕ್ಕೇ ಹೇಳೋಕೆ ಇಷ್ಟು ಹೊತ್ತಾಯ್ತು.”

ಆ ಇನ್ನೂರು ಉಸಿರಿನಷ್ಟು ಪ್ರೀತಿಯನ್ನು ದುಗ್ಗವ್ವ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೀಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ನೀಲಿ ಕೆಳಗಿಳಿದಳು, ಹೆಣ್ಣುಮಗು ಹೆತ್ತಳು. ತಾಯಿಯೂ ಸುಖ, ಮಗುವೂ ಸುಖ.

ಕೇಳಿದಿರಲ್ಲ ಮಕ್ಕಳೇ? ಎದುರಿಗಿರುವವನು ನಮ್ಮ ಹಾಗೆ ಮಾತಾಡಲಿಲ್ಲ ಎಂದು ಅವನ ಮನಸ್ಸು ಕೆಟ್ಟದು ಅಂದುಕೊಳ್ಳಬೇಡಿ. ಅವನ ನಡೆ ತಿಳಿಯದಿದ್ದರೆ ಅವನನ್ನೇ ಕೇಳಿ. ನಡುವೆ ನಿಂತು ಕಿವಿ ಕಚ್ಚುವವನನ್ನು ಕೇಳಬೇಡಿ. ಕಥೆ ಅವರದು, ಬುದ್ಧಿ ನಿಮ್ಮದು, ಬಾಯಿ ನೋವು ನನ್ನದು.